42 ಮಕ್ಕಳಿಗೆ 42 ಪಾಠಯೋಜನೆ ಬೇಡ

ಪ್ರಶ್ನೆ: ನಾನು ಬೆಂಗಳೂರಿನ ಪೀಣ್ಯ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿಗೆ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ತರಗತಿಯಲ್ಲಿ 42 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳ ಮನೆಮಾತು ತಮಿಳು, ತೆಲುಗು, ಉರ್ದು ಅಥವಾ ಹಿಂದಿ. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆ ಬಂದು ಸೇರುತ್ತಾರೆ. ಒಬ್ಬ ಹುಡುಗ ಬಾಯಲ್ಲಿ ಕೇಳಿದರೆ ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳುತ್ತಾನೆ, ಬರೆಯಲು ಕೂರಿಸಿದರೆ ಎರಡು ಸಾಲು ದಾಟುವುದಿಲ್ಲ, ಒತ್ತಕ್ಷರ ಎಲ್ಲ ತಪ್ಪು. ಒಬ್ಬ ಹುಡುಗಿಗೆ ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ನಾಲ್ಕೈದು ಮಕ್ಕಳು ಹತ್ತು ನಿಮಿಷದಲ್ಲಿ ಎಲ್ಲ ಮುಗಿಸಿ ಗಲಾಟೆ ಶುರು ಮಾಡುತ್ತಾರೆ. ಒಂದು ತರಬೇತಿಯಲ್ಲಿ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಮೂರು ಪಾಠಯೋಜನೆ ಮಾಡಿ ಎಂದರು. ರಾತ್ರಿ ಹನ್ನೊಂದರವರೆಗೆ ಕೂತು ಅದನ್ನೇ ಮಾಡುತ್ತಿದ್ದೇನೆ. ಪಾಠ ಮಾತ್ರ ಮುಂದೆ ಹೋಗುತ್ತಿಲ್ಲ. ಆ ಹುಡುಗನಿಗೆ ಬಾಯಿಮಾತಿನ ಉತ್ತರಕ್ಕೆ ಅಂಕ ಕೊಟ್ಟಿದ್ದಕ್ಕೆ ಇನ್ನೊಬ್ಬ ಮಗುವಿನ ತಾಯಿ ಬಂದು "ಇದು ಅನ್ಯಾಯ ಅಲ್ವಾ ಮಿಸ್?" ಎಂದರು. ಆ ಹುಡುಗನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿನ ತೊಂದರೆ, ಇದೆಯಾ? ನಿಧಾನಕ್ಕೆ ಕಲಿಯುವವರನ್ನು ಒಂದು ಕಡೆ ಕೂರಿಸಿ ಬೇರೆ ಪಾಠ ಮಾಡುವುದು ಒಳ್ಳೆಯದಾ?

— ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ಮೊದಲು ಆ ಮೂರು ಪಾಠಯೋಜನೆ ಬರೆಯುವುದನ್ನು ನಿಲ್ಲಿಸಿ. ನಿಮ್ಮ ಶ್ರಮ ತಪ್ಪಲ್ಲ, ಅದು ಹೋಗುತ್ತಿರುವ ಜಾಗ ತಪ್ಪು. ನೀವು ಕೇಳುತ್ತಿರುವುದು ಇಷ್ಟು ಎಂದು ನಾನು ತಿಳಿದುಕೊಂಡಿದ್ದೇನೆ: ಇಷ್ಟು ಬೇರೆ ಬೇರೆ ಥರದ ಮಕ್ಕಳಿಗೆ ಒಬ್ಬಳೇ ಟೀಚರ್, ಒಂದೇ ಪೀರಿಯಡ್‌ನಲ್ಲಿ, ಯಾರನ್ನೂ ಬಿಡದೆ, ಯಾರಿಗೂ ಅನ್ಯಾಯ ಮಾಡದೆ ಹೇಗೆ ಕಲಿಸುವುದು? ವಿಶೇಷ ಶಿಕ್ಷಣದ ಕೆಲಸದಲ್ಲಿ ಈ ಊರಿನ ತುಂಬಾ ಶಾಲೆಗಳನ್ನು ನೋಡಿದ್ದೇನೆ. ಎಲ್ಲ ಕಡೆ ಇದೇ ಪ್ರಶ್ನೆ. ಉತ್ತರ ಇದೆ, ಅದಕ್ಕೆ ರಾತ್ರಿ ಹನ್ನೊಂದರವರೆಗೆ ಕೂರಬೇಕಾಗಿಲ್ಲ.

ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ವಿಂಗಡಣೆಯನ್ನು ಮೊದಲು ನೋಡೋಣ. ಮಕ್ಕಳಿಗೆ ಇಷ್ಟಗಳು ಇರುತ್ತವೆ, ಅದು ನಿಜ. ಕೆಲವರಿಗೆ ಚಿತ್ರ ಇಷ್ಟ, ಕೆಲವರಿಗೆ ಕಥೆ ಕೇಳುವುದು ಇಷ್ಟ. ಆದರೆ ಆ ಇಷ್ಟಕ್ಕೆ ತಕ್ಕಂತೆ ಪಾಠ ಮಾಡಿದರೆ ಮಗು ಹೆಚ್ಚು ಕಲಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದನ್ನೇ. ಆದರೂ ನಮ್ಮ ತರಬೇತಿಗಳಲ್ಲಿ ಈ ಮಾತು ಇನ್ನೂ ಓಡಾಡುತ್ತಿದೆ.

ಪಾಠದ ಕಡೆಯಿಂದ ಯೋಚಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕರ್ನಾಟಕದ ನಕ್ಷೆ ಓದಲು ಕಲಿಯಬೇಕಾದರೆ ಎಲ್ಲ ಮಕ್ಕಳೂ ನಕ್ಷೆಯನ್ನೇ ನೋಡಬೇಕು. ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸ ತಿಳಿಯಬೇಕಾದರೆ ಎಲ್ಲರೂ ಕಿವಿಗೊಟ್ಟು ಕೇಳಬೇಕು, ಬಾಯಿಬಿಟ್ಟು ಹೇಳಬೇಕು. ಯಾವುದನ್ನು ನೋಡಬೇಕು, ಯಾವುದನ್ನು ಕೇಳಬೇಕು ಎಂದು ತೀರ್ಮಾನಿಸುವುದು ವಿಷಯ, ಮಗುವಿನ ಮೇಲೆ ಅಂಟಿಸಿದ ಚೀಟಿಯಲ್ಲ. ಕಣ್ಣು ಕಾಣದ ಮಗುವಿಗೆ ಬೆರಳಿಗೆ ಸಿಗುವ ಉಬ್ಬು ನಕ್ಷೆ ಬೇಕು. ಅದು ಆ ಮಗುವಿನ ಅಗತ್ಯ. ಅಗತ್ಯ ಬೇರೆ, ಇಷ್ಟ ಬೇರೆ.

ನಿಮಗೆ ಬೇಕಾಗಿರುವುದು ಬೇರೆ ಒಂದು ಯೋಚನೆ. ಅದಕ್ಕೆ ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್ ಎಂದು ಹೆಸರು, ಚಿಕ್ಕದಾಗಿ ಯುಡಿಎಲ್. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1984ರಲ್ಲಿ ಶುರುವಾದ ಕ್ಯಾಸ್ಟ್ ಎಂಬ ಸಂಸ್ಥೆ ಇದನ್ನು ಬೆಳೆಸಿತು. ಅದರ ಮಾರ್ಗಸೂಚಿಯ ಹೊಸ ಆವೃತ್ತಿ 2024ರಲ್ಲಿ ಬಂದಿದೆ. ಮೂಲ ಯೋಚನೆ ಬಂದದ್ದು ಕಟ್ಟಡ ಕಟ್ಟುವವರಿಂದ. ಕಟ್ಟಿದ ಮೇಲೆ ಒಬ್ಬೊಬ್ಬರಿಗಾಗಿ ಒಡೆದು ಸರಿಮಾಡುವ ಬದಲು, ಕಟ್ಟುವಾಗಲೇ ಎಲ್ಲರೂ ಬರುತ್ತಾರೆ ಎಂದುಕೊಂಡು ಕಟ್ಟು. ನಮ್ಮ ಬಿಎಂಟಿಸಿಯ ತಗ್ಗು ನೆಲದ ಬಸ್ಸನ್ನೇ ನೆನೆಸಿಕೊಳ್ಳಿ. ಮಂಡಿನೋವಿನ ಅಜ್ಜಿ, ಕಂಕುಳಲ್ಲಿ ಮಗು ಇರುವ ತಾಯಿ, ತರಕಾರಿ ಚೀಲ ಹೊತ್ತವರು, ಎಲ್ಲರೂ ಅದೇ ಬಾಗಿಲಲ್ಲಿ ಹತ್ತುತ್ತಾರೆ. ಯಾರಿಗೆ ಮಂಡಿನೋವು ಎಂದು ಕಂಡಕ್ಟರ್ ಮೊದಲೇ ಪಟ್ಟಿ ಮಾಡಬೇಕಾಗಿಲ್ಲ.

ತರಗತಿಗೆ ತಂದಾಗ ಇದು ಮೂರು ಪ್ರಶ್ನೆಗಳಾಗುತ್ತದೆ. ಮಗುವಿಗೆ ಇದರಲ್ಲಿ ಮನಸ್ಸು ಯಾಕೆ ಬರಬೇಕು? ವಿಷಯ ಮಗುವಿನ ತಲೆಗೆ ಹೋಗಲು ಒಂದಕ್ಕಿಂತ ಹೆಚ್ಚು ದಾರಿ ಇದೆಯಾ? ಗೊತ್ತಾಗಿದೆ ಎಂದು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇದೆಯಾ? ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಡೀ ಯುಡಿಎಲ್ ಎಂಬ ಕಟ್ಟಿನ ಬಗ್ಗೆ ಸಂಶೋಧನೆ ಒಂದೇ ಮಾತು ಹೇಳುವುದಿಲ್ಲ. ಅದನ್ನು ಅಳೆಯುವುದೇ ಕಷ್ಟ ಎಂದು ವಾದಿಸುವವರಿದ್ದಾರೆ. ಆದರೆ ಅದರೊಳಗಿನ ಹಲವು ತುಂಡುಗಳು ಗಟ್ಟಿಯಾಗಿವೆ: ಮಾತಿನ ಜೊತೆ ಚಿತ್ರ ಇಡುವುದು, ಹಂತಹಂತವಾಗಿ ಬಿಡಿಸಿದ ಮಾದರಿ ತೋರಿಸುವುದು, ನಿನ್ನೆಯದನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳಲು ಹೇಳುವುದು, ತಪ್ಪು ತಕ್ಷಣ ತಿಳಿಸುವುದು. ಇವು ಎಲ್ಲ ಮಕ್ಕಳಿಗೂ ಕೆಲಸ ಮಾಡುತ್ತವೆ.

ಇದರ ಜೀವ ಇರುವುದು ಒಂದು ಸಣ್ಣ ಪ್ರಶ್ನೆಯಲ್ಲಿ. ಪ್ರತಿ ಪಾಠಕ್ಕೂ ಮುಂಚೆ ಕೇಳಿಕೊಳ್ಳಿ: ಈವತ್ತು ಮಗು ಕಲಿಯಬೇಕಾದದ್ದು ಏನು, ಅದಕ್ಕೆ ಅಡ್ಡ ಬರುವುದು ಏನು? ಎರಡನ್ನೂ ಒಂದೇ ಎಂದುಕೊಂಡಾಗಲೇ ನಾವು ಎಡವುವುದು. ಸಮಾಜ ವಿಜ್ಞಾನದಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ. ಮಗುವಿಗೆ ಉತ್ತರ ಗೊತ್ತು, ಬರೆಯಲು ಬರುವುದಿಲ್ಲ. ಸೊನ್ನೆ ಹಾಕುತ್ತೇವೆ. ಆ ಸೊನ್ನೆ ಹೇಳುತ್ತಿರುವುದು ಬರವಣಿಗೆಯ ವಿಷಯ, ನಾವು ದಾಖಲೆಯಲ್ಲಿ ಬರೆದುಕೊಳ್ಳುವುದು ಸಮಾಜ ವಿಜ್ಞಾನ ಬರುವುದಿಲ್ಲ ಎಂದು.

ನಿಮ್ಮದೇ ವಿಷಯದಿಂದ ಒಂದು ಪಾಠ ತೆಗೆದುಕೊಳ್ಳೋಣ. ಬೆಂಗಳೂರಿಗೆ ನೀರು ಎಲ್ಲಿಂದ ಬರುತ್ತದೆ? ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: "ಕಾವೇರಿ ನೀರನ್ನು ಬೆಂಗಳೂರಿಗೆ ಯಾಕೆ ಪಂಪ್ ಮಾಡಿಯೇ ತರಬೇಕು ಎಂದು ಮಗು ಕಾರಣ ಕೊಟ್ಟು ವಿವರಿಸುತ್ತದೆ." ಈ ಗುರಿ 42 ಮಕ್ಕಳಿಗೂ ಒಂದೇ. ಬರೆಯಲಾಗದ ಹುಡುಗನಿಗೂ, ನಿನ್ನೆ ಸೇರಿದ ಮಗುವಿಗೂ ಇದೇ. ಇದರಲ್ಲಿ ರಾಜಿ ಬೇಡ. ಪಾಪ, ಅವನಿಗೆ ಇಷ್ಟು ಸಾಕು ಎಂದು ಗುರಿಯನ್ನೇ ಇಳಿಸಿಬಿಡುವುದು ನಾನು ನೋಡಿದ ಹಾನಿಗಳಲ್ಲೇ ದೊಡ್ಡದು. ಪ್ರೀತಿಯಿಂದ ಮಾಡುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಅಡ್ಡಿಗಳು. ಪುಸ್ತಕದ ಪ್ಯಾರಾ ಉದ್ದ. "ಸಮುದ್ರ ಮಟ್ಟದಿಂದ" ಎಂಬ ಮಾತು ಹೊಸದು. ಎತ್ತರ ಎಂಬುದು ಚಪ್ಪಟೆ ನಕ್ಷೆಯಲ್ಲಿ ಕಾಣುವುದಿಲ್ಲ. ಕೊನೆಯಲ್ಲಿ ಬರೆಯಬೇಕು. ಇಷ್ಟೇ.

ಪಾಠವನ್ನು ಮಕ್ಕಳ ಮನೆಯ ನೀರಿನಿಂದ ಶುರು ಮಾಡಿ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ಲಾ, ಟ್ಯಾಂಕರಾ? ಈ ಪ್ರಶ್ನೆಗೆ ಉತ್ತರ ಇಲ್ಲದ ಮಗು ನಿಮ್ಮ ತರಗತಿಯಲ್ಲಿ ಇಲ್ಲ. ರಾಯಚೂರಿನ ಮಗುವಿಗೆ ಕೃಷ್ಣೆಯೋ ತುಂಗಭದ್ರೆಯೋ ಗೊತ್ತಿರುತ್ತದೆ, ಅದು ಇಡೀ ತರಗತಿಗೆ ಏನಾದರೂ ಹೇಳಿಕೊಡಬಹುದು. ಆಮೇಲೆ ಪ್ಯಾರಾವನ್ನು ನೀವೇ ಒಮ್ಮೆ ಗಟ್ಟಿಯಾಗಿ ಓದಿ. ಮಕ್ಕಳು ಬೆರಳಿಟ್ಟು ಹಿಂಬಾಲಿಸಲಿ. ಬೋರ್ಡಿನ ಮೇಲೆ ಪಕ್ಕದಿಂದ ನೋಡಿದಂತೆ ಒಂದು ಗೆರೆಚಿತ್ರ ಹಾಕಿ: ಕೆಳಗೆ ಕಾವೇರಿ, ಮೇಲೆ ಬೆಂಗಳೂರು, ನಡುವೆ ಮೂರು ಪಂಪಿಂಗ್ ಕೇಂದ್ರ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ. ದೂರ ಸುಮಾರು 100 ಕಿಲೋಮೀಟರ್, ಏರಿಸಬೇಕಾದ ಎತ್ತರ ಸುಮಾರು 500 ಮೀಟರ್, ನಮ್ಮ ಊರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಎರಡು ನೀರಿನ ಬಾಟಲಿ, ಒಂದು ಗಜ ಪ್ಲಾಸ್ಟಿಕ್ ಪೈಪು ಇದ್ದರೆ ಇನ್ನೂ ಒಳ್ಳೆಯದು. ಒಂದು ಮಗು ಬೆಂಚಿನ ಮೇಲೆ ನಿಂತು ಬಾಟಲಿ ಹಿಡಿಯಲಿ, ಇನ್ನೊಂದು ಕೆಳಗೆ. ನೀರು ಯಾವ ಕಡೆ ಹೋಗುತ್ತದೆ, ಯಾವ ಕಡೆ ಹೋಗುವುದಿಲ್ಲ ಎಂದು ಎಲ್ಲರೂ ಮೊದಲೇ ಊಹಿಸಿ ಹೇಳಬೇಕು.

ಎತ್ತರ, ಇಳಿಜಾರು, ಒತ್ತಡ, ಈ ಮೂರು ಪದಗಳನ್ನು ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಮನೆಮಾತಿನ ಪದವನ್ನು ಮಕ್ಕಳೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಉಯರಂ, ಎತ್ತು, ಊಂಚಾಯಿ. ಕನ್ನಡ ಕಲಿಕೆಗೆ ಇದು ಅಡ್ಡಿಯಾಗುತ್ತದೆ ಎಂದು ಹೆದರಬೇಡಿ. ಅರ್ಥ ಮೊದಲು ಸಿಕ್ಕರೆ ಕನ್ನಡದ ಪದ ಬೇಗ ಅಂಟುತ್ತದೆ.

ಕೊನೆಗೆ ಉತ್ತರ. ಎರಡು ದಾರಿ ಕೊಡಿ, ಹೆಚ್ಚೆಂದರೆ ಮೂರು. ಜಾಸ್ತಿ ಕೊಟ್ಟರೆ ಆರಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ನಾಲ್ಕೈದು ಸಾಲು ಬರೆಯಬಹುದು. ಹೆಸರು, ಬಾಣ ಗುರುತು ಹಾಕಿದ ಚಿತ್ರದ ಕೆಳಗೆ ಒಂದು ವಾಕ್ಯ ಬರೆಯಬಹುದು. ಇಲ್ಲವೇ ಪಕ್ಕದವರಿಗೆ ವಿವರಿಸಿ, ಆಮೇಲೆ ನಿಮಗೆ ಹೇಳಬಹುದು. ಆದರೆ ಅಳತೆ ಎಲ್ಲರಿಗೂ ಒಂದೇ: ಉತ್ತರದಲ್ಲಿ ಎತ್ತರದ ಮಾತು ಬರಬೇಕು, "ಯಾಕೆಂದರೆ" ಬರಬೇಕು, ನೀರು ತಾನಾಗಿ ಮೇಲಕ್ಕೆ ಹರಿಯುವುದಿಲ್ಲ ಎಂಬುದು ಬರಬೇಕು. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಒಂದೇ ದಿನ 42 ಮಕ್ಕಳ ಬಾಯಿಮಾತಿನ ಉತ್ತರ ಕೇಳಲು ಆಗುವುದಿಲ್ಲ. ದಿನಕ್ಕೆ ಆರೇಳು ಮಂದಿ ಸಾಕು, ಮಿಕ್ಕವರದು ನೋಟ್‌ಬುಕ್‌ನಲ್ಲಿ ನೋಡಿ.

ಆ ತಾಯಿಗೆ ಕೊಡಬೇಕಾದ ಉತ್ತರವೂ ಇಲ್ಲೇ ಇದೆ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಒಬ್ಬ ಹುಡುಗನಿಗೆ ಮಾತ್ರ ಬಾಯಲ್ಲಿ ಹೇಳುವ ಅವಕಾಶ ಕೊಟ್ಟರೆ ಅದು ರಿಯಾಯಿತಿಯಂತೆ ಕಾಣುತ್ತದೆ. ಅದೇ ಅವಕಾಶ ಎಲ್ಲರಿಗೂ ಇದ್ದು, ಅಳತೆಯೂ ಒಂದೇ ಆದರೆ ಜಗಳಕ್ಕೆ ಜಾಗವಿಲ್ಲ. ಜೊತೆಗೆ ಆ ಹುಡುಗನಿಗೂ ಅವಮಾನವಾಗುವುದಿಲ್ಲ. ವರ್ಷದ ನಡುವೆ ಆಗಾಗ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಇದಕ್ಕೆಲ್ಲ ನಿಮಗೆ ಜಾಗ ಇದೆ. ಅವಧಿಯ ಕೊನೆಯ ಸಂಕಲನಾತ್ಮಕ ಪರೀಕ್ಷೆ ಹೆಚ್ಚಾಗಿ ಬರವಣಿಗೆಯದ್ದೇ, ಅದನ್ನು ಮರೆಯುವಂತಿಲ್ಲ.

ಹಾಗಾಗಿ ಈ ದಾರಿಯ ದೊಡ್ಡ ಅಪಾಯವನ್ನೂ ತಿಳಿದಿರಿ. ಆಯ್ಕೆ ಕೊಟ್ಟರೆ ಬರೆಯಲು ಕಷ್ಟವಿರುವ ಮಗು ಯಾವಾಗಲೂ ಮಾತನ್ನೇ ಆರಿಸಿಕೊಳ್ಳುತ್ತದೆ. ವರ್ಷ ಕಳೆದರೂ ಬರವಣಿಗೆ ಇದ್ದಲ್ಲೇ ಇರುತ್ತದೆ. ಅದಕ್ಕೇ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಆಯ್ಕೆ ಕೊಡಿ, ಕನ್ನಡದ ಬರವಣಿಗೆಯ ಪೀರಿಯಡ್‌ನಲ್ಲಿ ಕೊಡಬೇಡಿ. ಅಲ್ಲಿ ಗುರಿಯೇ ಬರವಣಿಗೆ. ಅಲ್ಲಿ ಆಸರೆ ಕೊಡಿ: ಶುರುವಿನ ವಾಕ್ಯ, ಪದಗಳ ಪಟ್ಟಿ, ಹೆಚ್ಚು ಸಮಯ, ಅಗಲ ಗೆರೆಯ ಹಾಳೆ. ಆಸರೆಯನ್ನು ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಬನ್ನಿ.

ಈಗ ಬೇರೆ ಕೂರಿಸುವ ಮಾತು. ಬೇಡ ಮೇಡಂ. ಖಾಯಂ ಆಗಿ ಬೇಡ. ಹಿಂದಿನ ಬೆಂಚಿನ ಗುಂಪಿಗೆ ನಿಧಾನವಾಗಿ ಸುಲಭದ ಪ್ರಶ್ನೆಗಳೇ ಹೋಗುತ್ತವೆ, ನಕಲು ಬರೆಯುವ ಕೆಲಸವೇ ಹೋಗುತ್ತದೆ. ಮಕ್ಕಳಿಗೆ ತಾವು ಯಾವ ಗುಂಪು ಎಂದು ವಾರದೊಳಗೆ ಗೊತ್ತಾಗಿಬಿಡುತ್ತದೆ. ಅಲ್ಲಿಂದ ಹೊರಗೆ ಬಂದ ಮಕ್ಕಳು ಬಹಳ ಕಡಿಮೆ. ಹಾಗೆಂದು ಗುಂಪೇ ಮಾಡಬಾರದು ಎಂದಲ್ಲ. ಅರ್ಕಾವತ್ತು ಬಾರದವರೆಲ್ಲ ಎರಡು ದಿನ, ಹದಿನೈದು ನಿಮಿಷ ನಿಮ್ಮ ಹತ್ತಿರ ಕೂರಲಿ. ಅದರಲ್ಲಿ ಜಾಣರೆಂದು ಹೆಸರಾದವರೂ ಇರುತ್ತಾರೆ. ಬಂದ ಮೇಲೆ ಗುಂಪು ಮುರಿಯಿರಿ. ಗುಂಪಿಗೆ ಒಂದು ಕೆಲಸದ ಹೆಸರಿರಲಿ, ಒಂದು ಥರದ ಮಗುವಿನ ಹೆಸರಲ್ಲ.

ಇದು ನಮಗೆ ಹೊರಗಿನಿಂದ ಬಂದ ವಿಷಯವೇನಲ್ಲ. ನಲಿ-ಕಲಿ ತರಗತಿಯಲ್ಲಿ ಪಾಠ ಮಾಡಿದವರನ್ನು ಕೇಳಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಉದ್ದಕ್ಕೂ ಹರಡಿದ ಪದ್ಧತಿ ಅದು. ಅಲ್ಲಿ ಮಕ್ಕಳು ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಟೀಚರ್ ನೆರವು ಬೇಕಾದವರದು ಒಂದು ತಟ್ಟೆ (ಗುಂಪಿಗೆ ಅಲ್ಲಿ ಹೀಗೆ ಹೆಸರು), ಸಹಪಾಠಿಯ ನೆರವು ಸಾಕಾದವರದು ಇನ್ನೊಂದು, ತಾವೇ ಕಲಿಯುವವರದು ಮತ್ತೊಂದು. ಇವತ್ತು ಒಂದು ತಟ್ಟೆಯಲ್ಲಿರುವ ಮಗು ನಾಳೆ ಇನ್ನೊಂದರಲ್ಲಿರುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಇದನ್ನೆಲ್ಲ ಕೈಬಿಟ್ಟು ಎಲ್ಲರಿಗೂ ಒಂದೇ ಪುಟ ತೆರೆಯಲು ಹೇಳುತ್ತೇವೆ. ನನಗೆ ಇದು ತುಂಬಾ ದುಃಖದ ಸಂಗತಿ. ನಿಮ್ಮ ಶಾಲೆಯಲ್ಲೇ ನಲಿ-ಕಲಿ ಮಾಡುವ ಟೀಚರ್ ಇದ್ದರೆ ಅವರಿಗಿಂತ ಒಳ್ಳೆಯ ತರಬೇತಿ ನಿಮಗೆ ಹೊರಗೆ ಸಿಗುವುದಿಲ್ಲ.

ಬೇಗ ಮುಗಿಸುವ ಮಕ್ಕಳಿಗೆ ಇನ್ನೂ ಹತ್ತು ಪ್ರಶ್ನೆ ಕೊಡಬೇಡಿ, ಅದು ಶಿಕ್ಷೆ. ಆಳದ ಪ್ರಶ್ನೆ ಕೊಡಿ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂದ ನೀರು ಊರಿಗೆ ಯಾಕೆ ಸಾಲದೆ ಹೋಯಿತು, 1974ರಲ್ಲಿ ಕಾವೇರಿಗೆ ಯಾಕೆ ಹೋಗಬೇಕಾಯಿತು? ಇದಕ್ಕೆ ಹತ್ತು ನಿಮಿಷದಲ್ಲಿ ಮುಗಿಯುವ ಉತ್ತರವಿಲ್ಲ. ಆಗಾಗ ಇವರನ್ನು ಬೇರೆಯವರ ಜೊತೆ ಜೋಡಿ ಮಾಡಬಹುದು, ಆದರೆ ದಿನವೂ ಬೇಡ. ದಿನವೂ ಮಾಡಿದರೆ ಒಬ್ಬರು ಖಾಯಂ ಟೀಚರ್, ಇನ್ನೊಬ್ಬರು ಖಾಯಂ ಕೇಳುಗರು ಆಗಿಬಿಡುತ್ತಾರೆ.

ಮೊಬೈಲ್, ವಿಡಿಯೋ ಬಗ್ಗೆ ಎರಡೇ ಮಾತು. ಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸಿಗುವುದನ್ನು ಬಳಸಿ, ಆದರೆ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳಿ. ಪಠ್ಯವನ್ನು ಫೋನಿನಿಂದ ಗಟ್ಟಿಯಾಗಿ ಓದಿಸುವುದು ಒಳ್ಳೆಯ ಉಪಾಯವೇ, ಆದರೆ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಆದರೆ ಫೋನು ಅದನ್ನು ಸರಿಯಾಗಿ ಓದುವುದಿಲ್ಲ, ಯೂನಿಕೋಡ್ ಇರಬೇಕು. ಅದಕ್ಕಿಂತ ನಿಮ್ಮದೇ ದನಿಯಲ್ಲಿ ಪಾಠ ಓದಿ ರೆಕಾರ್ಡ್ ಮಾಡಿ ಮನೆಗೆ ಕಳಿಸುವುದು ಸುಲಭ.

ಆ ಹುಡುಗಿಯನ್ನು ಮುಂದೆ ಕೂರಿಸಿ, ಚೆನ್ನಾಗಿ ಕೇಳಿಸುವ ಕಿವಿ ನಿಮ್ಮ ಕಡೆ ಇರಲಿ, ರಸ್ತೆ ಕಡೆಯ ಕಿಟಕಿಯಿಂದ ದೂರ ಇರಲಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಇನ್ನೊಂದು ಮಗು ಹಿಂದಿನಿಂದ ಉತ್ತರ ಹೇಳಿದರೆ ನೀವು ಅದನ್ನು ಮತ್ತೊಮ್ಮೆ ಹೇಳಿ. ಇದರಿಂದ ಹಿಂದಿನ ಬೆಂಚಿನವರಿಗೂ ಲಾಭ. ಮನೆಯವರ ಮಾತಿನ ಮೇಲೆ ನಿಲ್ಲದೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ನಿಮ್ಹಾನ್ಸ್‌ನಲ್ಲಿ ಆ ವಿಭಾಗ ಇದೆ, ಲಿಂಗರಾಜಪುರದಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ.

ಇನ್ನು ಡಿಸ್ಲೆಕ್ಸಿಯಾ. ನಿಮ್ಮ ಪತ್ರದಿಂದ ಹೌದು ಅಂತಲೂ ಹೇಳಲಾಗುವುದಿಲ್ಲ, ಅಲ್ಲ ಅಂತಲೂ ಹೇಳಲಾಗುವುದಿಲ್ಲ. ತರಗತಿಯಲ್ಲಿ ಆ ಪದ ಬಳಸಲೂ ಬೇಡಿ. ಅಕ್ಷರ ತಿರುಗಿಸಿ ಬರೆದರೆ ಡಿಸ್ಲೆಕ್ಸಿಯಾ ಎಂಬುದು ಸುಳ್ಳು, ಸಣ್ಣ ಮಕ್ಕಳು ತುಂಬಾ ಜನ ಹಾಗೆ ಬರೆಯುತ್ತಾರೆ. ಬುದ್ಧಿ ಕಡಿಮೆ ಎಂಬುದೂ ಸುಳ್ಳು. ಬಹುತೇಕ ಮಕ್ಕಳಲ್ಲಿ ತೊಂದರೆ ಇರುವುದು ಮಾತಿನೊಳಗಿನ ಸಣ್ಣ ಸದ್ದುಗಳನ್ನು ಬಿಡಿಸಿ ಹಿಡಿದು, ಅಕ್ಷರಕ್ಕೆ ಜೋಡಿಸುವುದರಲ್ಲಿ.

ಕನ್ನಡದ ಒತ್ತಕ್ಷರ ಎಲ್ಲ ಮಕ್ಕಳಿಗೂ ಕಷ್ಟವೇ. ಗುಣಿತ, ಒತ್ತು ಸೇರಿ ಕಲಿಯಬೇಕಾದ ರೂಪಗಳು ನೂರಾರು. ಅದಕ್ಕೇ ಮೂರು ನಾಲ್ಕನೇ ತರಗತಿಯವರೆಗೂ ಮಕ್ಕಳು ಅದರಲ್ಲಿ ಒದ್ದಾಡುತ್ತಾರೆ. "ಸೂರ್ಯ" ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಅರ್ಕಾವತ್ತಿನಲ್ಲಿ ಬರೆದರೆ ಯಕಾರದ ನಂತರ ಬರುತ್ತದೆ. ಮನೆಮಾತು ತಮಿಳಾದ ಮಗು ಮಹಾಪ್ರಾಣ ಬಿಟ್ಟರೆ ಅದು ಮನೆಮಾತಿನ ಪ್ರಭಾವ, ತಮಿಳಿನಲ್ಲಿ ಮಹಾಪ್ರಾಣ ಇಲ್ಲ. ನೀವು ಗಮನಿಸಬೇಕಾದದ್ದು ಬೇರೆ. ಅವನು ಇನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನಾ? ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುತ್ತಾನಾ? ಇಂಗ್ಲಿಷ್‌ನಲ್ಲೂ ಇದೇ ಕಥೆಯಾ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ? ಶಾಲೆ ಎಷ್ಟು ತಪ್ಪಿದೆ? ಓದು ಸರಾಗವಾಗಿದ್ದು ಬರವಣಿಗೆ ಮಾತ್ರ ಕಷ್ಟವಾದರೆ ಅದು ಮತ್ತೊಂದು ಬಗೆಯ ತೊಂದರೆ ಇರಬಹುದು.

ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡಕ್ಕೆ ಅವನ ಹೆಸರು ಕೊಡಿ. ನಿಮ್ಮ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮೂಲಕ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು (ಬಿಐಇಆರ್‌ಟಿ) ಕರೆಸಿ, ಅದು ಅವರ ಕೆಲಸವೇ. ಪೂರ್ಣ ತಪಾಸಣೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಆಗುತ್ತದೆ. ಡಿಸ್ಲೆಕ್ಸಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಒಂದಾಗಿ ಸೇರಿಸಿದೆ. ಅದನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಯ ಹೊಣೆ ಎಂದು 16ನೇ ಕಲಂ ಹೇಳುತ್ತದೆ. ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವಿನಂಥ ಸೌಲಭ್ಯ ಕೇಳಬಹುದು. ಆದರೆ ಪ್ರಮಾಣಪತ್ರ ಬರುವವರೆಗೆ ಕಾಯಬೇಡಿ. ಮೇಲೆ ಹೇಳಿದ ಯಾವುದಕ್ಕೂ ಯಾರ ಸಹಿಯೂ ಬೇಕಿಲ್ಲ.

ಸಿಲಬಸ್ ಮುಗಿಯುವುದಿಲ್ಲ ಎಂಬ ಭಯಕ್ಕೆ ಒಂದು ಮಾತು: ವಾರಕ್ಕೆ ಒಂದೇ ಪಾಠವನ್ನು ಹೀಗೆ ಮಾಡಿ. ಮಿಕ್ಕವು ಈಗಿನಂತೆಯೇ ನಡೆಯಲಿ. ಗುರಿಯ ಒಂದು ವಾಕ್ಯ, ಅಡ್ಡಿಗಳ ಎರಡು ಸಾಲು, ನಿಮ್ಮ ಯೋಜನೆಗೆ ಅಷ್ಟು ಬರೆದರೆ ಸಾಕು. ಮುಖ್ಯ ಶಿಕ್ಷಕರಿಗೂ ಅದೇ ಹಾಳೆ ತೋರಿಸಿ.

ಆ ಹುಡುಗನ ತಾಯಿಯ ಹತ್ತಿರ ಮಾತಾಡುವಾಗ ಅವನಿಗೆ ಏನು ಬರುತ್ತದೆ ಎಂಬುದರಿಂದ ಶುರು ಮಾಡಿ, ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಡಿ. ತಪಾಸಣೆಗೆ ಹೋಗುವಾಗ ಎರಡು ವಾರದ ನೋಟ್‌ಬುಕ್‌ಗಳನ್ನು ಜೊತೆಗೆ ಕಳಿಸಿ. ತಾಯಿ ಒಪ್ಪಿದರೆ ಅವನು ನೀರಿನ ಪಾಠ ವಿವರಿಸುವುದನ್ನು ಅವರ ಫೋನಿನಲ್ಲೇ ರೆಕಾರ್ಡ್ ಮಾಡಿ ಕೊಡಿ. ಮಾತಿಗೂ ಬರಹಕ್ಕೂ ಎಷ್ಟು ಅಂತರ ಇದೆ ಎಂಬುದು ವೈದ್ಯರಿಗೆ ಆ ಎರಡರಿಂದ ಬೇಗ ತಿಳಿಯುತ್ತದೆ.